ಅಪ್ಪನ ಫಿಯಾಟು ಮಾರಬೇಡಿ ಅನ್ನುವ ಮಕ್ಕಳಿಗೆ

ಬೆಂಗಳೂರಿನಲ್ಲಿ ಕೂತು, ಊರಲ್ಲಿರುವ ಅಪ್ಪನಿಗೆ ಫೋನ್ ಹಚ್ಚಿ "ಆ ಕಾರು ಮಾತ್ರ ಮಾರಬೇಡ, ಅದು ನಮ್ಮ ನೆನಪು" ಅನ್ನುವವರನ್ನು ಕಂಡರೆ ನನಗೀಗ ಸಿಟ್ಟು ಬರುತ್ತದೆ. ಆರು ವರ್ಷ ಇದೇ ಮಾತು ಹೇಳಿಕೊಂಡು ಬಂದವನು ನಾನು. ಹಾಗಾಗಿ ಸಿಟ್ಟಾಗುವ ಹಕ್ಕು ಉಳಿದವರಿಗಿಂತ ಒಂಚೂರು ಜಾಸ್ತಿ ಇದೆ ಅಂದುಕೊಳ್ಳಿ.

ನಮ್ಮ ಮನೆಯಲ್ಲಿದ್ದದ್ದು 1984ರ ಪ್ರೀಮಿಯರ್ ಪದ್ಮಿನಿ. ಕುಮಟಾ ಕಡೆ ಯಾರೂ ಅದನ್ನು ಪದ್ಮಿನಿ ಅನ್ನುವುದಿಲ್ಲ, ಫಿಯಾಟ್ ಅಂತಲೇ. ತಪ್ಪೂ ಅಲ್ಲ ಬಿಡಿ, ಇಟಲಿಯ ಫಿಯಾಟ್ 1100 ಕಾರನ್ನೇ ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಇಲ್ಲಿ ತಯಾರಿಸುತ್ತಿತ್ತು, ಎಪ್ಪತ್ತರ ದಶಕದಲ್ಲಿ ಹೆಸರು ಬದಲಾಯಿತು ಅಷ್ಟೇ. 1089 ಸಿಸಿ ಎಂಜಿನ್, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು, ಮುಂದಿನ ಉದ್ದ ಸೀಟಿನಲ್ಲಿ ಮೂರು ಜನ. ಹೈಸ್ಕೂಲ್ ಮಾಸ್ತರನಾಗಿದ್ದ ಅಪ್ಪ ಅದನ್ನು 1993ರಲ್ಲಿ ಹೊನ್ನಾವರದ ಒಬ್ಬ ಡಾಕ್ಟರರಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡಿದ್ದ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನೆನಪುಗಳೇನೋ ಇವೆ. ಗೇರುಸೊಪ್ಪೆ ಘಾಟಿ ಹತ್ತುವಾಗ ರೇಡಿಯೇಟರ್ ಕುದ್ದು, ತಿರುವಿನಲ್ಲಿ ಕಾರು ನಿಲ್ಲಿಸಿ, ಝರಿಯಿಂದ ಕೊಡಪಾನದಲ್ಲಿ ನೀರು ತಂದಿದ್ದು. ಭಟ್ಕಳದ ಒಂದು ಮದುವೆ ಮುಗಿಸಿ ಬರುವಾಗ ಎಂಟು ಜನ ಒಳಗೆ, ಡಿಕ್ಕಿಯಲ್ಲಿ ಹಲಸಿನಹಣ್ಣು. ನಿಮ್ಮ ಮನೆಯಲ್ಲೂ ಇಂಥ ನಾಲ್ಕು ಕತೆ ಇರುತ್ತವೆ. ಅಂಬಾಸಿಡರ್ ಇದ್ದರೆ ಐದು.

ಆದರೆ ಆ ನೆನಪನ್ನು ತೊಳೆಯುವವರು ಯಾರು?

ನಮ್ಮ ಮನೆ ಬಾಡದ ಕಡೆ, ರಾತ್ರಿ ಮಲಗಿದರೆ ಕಡಲು ಕೇಳುವಷ್ಟು ಹತ್ತಿರ. ಅಲ್ಲಿಯ ಗಾಳಿಯಲ್ಲಿ ಉಪ್ಪಿದೆ. ಕಿಟಕಿಯ ಸರಳು, ಬಾವಿಯ ಗಡಗಡೆ, ಸೈಕಲ್ಲಿನ ಚೈನು, ಯಾವುದನ್ನೂ ಅದು ಬಿಡುವುದಿಲ್ಲ. ಈ ಫಿಯಾಟಿಗೆ ಲಾರಿಗಿದ್ದ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುವುದು. ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಹಿಂದಿನ ಸ್ಪ್ರಿಂಗ್ ಪಟ್ಟಿ ಕೂರುವ ಜಾಗ ಇವಕ್ಕೆ ತುಕ್ಕು ಬಂತು ಅಂದರೆ ಅಂದ ಕೆಟ್ಟಿತು ಅಂತಷ್ಟೇ ಅಲ್ಲ, ಕಾರಿನ ಬೆನ್ನುಮೂಳೆಗೇ ಬಂತು. ಅದಕ್ಕೆ ಅಪ್ಪ ಪ್ರತಿ ಮೇ ತಿಂಗಳ ಕೊನೆಗೆ ಅಡಿಭಾಗಕ್ಕೆ ಹಳೇ ಎಂಜಿನ್ ಆಯಿಲ್ ಬಳಿಯುತ್ತಿದ್ದ. ಬಾಗಿಲ ಅಡಿಯ ನೀರು ಇಳಿಯುವ ತೂತುಗಳನ್ನು ಹಿಡಿಕಡ್ಡಿಯಿಂದ ಕುತ್ತಿ ಬಿಡಿಸುತ್ತಿದ್ದ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ ಬ್ರೇಕ್ ಒತ್ತುತ್ತಿದ್ದ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ವೀಲ್ ಸಿಲಿಂಡರ್ ಜಾಮ್. ಇತ್ತೀಚೆಗೆ ಇಪ್ಪತ್ತು ಪರ್ಸೆಂಟ್ ಎಥೆನಾಲ್ ಇರುವ ಪೆಟ್ರೋಲ್ ಬಂದಮೇಲೆ ಇನ್ನೊಂದು ತಲೆಬಿಸಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಆ ಕಾಲದ ರಬ್ಬರ್ ಪೈಪು, ವಾಶರುಗಳಿಗೆ ಅದು ಆಗಿಬರುವುದಿಲ್ಲ. ನಿಂತ ಕಾರಿನ ಟ್ಯಾಂಕಿನೊಳಗೇ ನೀರು, ನೀರಿದ್ದಲ್ಲಿ ತುಕ್ಕು. ಅಪ್ಪ ಎರಡು ಸಲ ಪೈಪು ಬದಲಾಯಿಸಿದ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದದ್ದು ಎಷ್ಟು ಸಲವೋ.

ನಾನು ಮಾಡಿದ್ದು? ದೀಪಾವಳಿಗೆ ಹೋದಾಗ ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಂಡೆ.

ಕಳೆದ ಆಗಸ್ಟಿನಲ್ಲಿ ಅಪ್ಪ ತಾಡಪಾಲು ಎಳೆಯಲು ಹೋಗಿ ಹಾವಸೆ ಹಿಡಿದ ಚಿರೆಕಲ್ಲಿನ ಮೇಲೆ ಜಾರಿ ಬಿದ್ದ. ಎಪ್ಪತ್ತಾರು ವರ್ಷ. ಮುಂಗೈ ಮುರಿಯಿತು. ಆಯಿ ನನಗೆ ಹೇಳಿದ್ದು ಹದಿನೈದು ದಿನ ಬಿಟ್ಟು. ನಾನು ಫೋನಿನಲ್ಲಿ ಕೂಗಾಡಿದೆ, "ಎಂತಕ್ಕೆ ಬೇಕಿತ್ತು ನಿಂಗೆ ಈ ಉಸಾಬರಿ? ಮಾರಿ ಬಿಸಾಕಬೇಕಿತ್ತಪ್ಪ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನೀನೇ ಅಲ್ದನೋ ತಮಾ ಬೇಡ ಅಂದಿದ್ದು? ನಂಗೇನು, 2019ರಲ್ಲೇ ಕೊಡೂದು ಅಂತಿದ್ದೆ."

ಅದು ಅಪ್ಪನ ಆಸೆ, ಅಪ್ಪನ ಹವ್ಯಾಸ, ಅವನ ಖುಷಿಗೆ ಇರಲಿ ಅಂತ ನಾನು ಅಂದುಕೊಂಡಿದ್ದೆ. ನನ್ನ ಖುಷಿಗೆ ಅಂತ ಅವನು ಇಟ್ಟುಕೊಂಡಿದ್ದ. ಆರು ಮಳೆಗಾಲ. ನಿಮ್ಮ ಮನೆಯ ಶೆಡ್ಡಿನಲ್ಲಿರುವ ಗಾಡಿಯ ಬಗ್ಗೆ ನಿಮ್ಮ ಅಪ್ಪನ ಹತ್ತಿರ ಕೊನೆಯ ಸಲ ಕೇಳಿದ್ದು ಯಾವಾಗ? ಹೇಳಿದ್ದಲ್ಲ, ಕೇಳಿದ್ದು.

"ಆದ್ರೂ ಹೆರಿಟೇಜ್ ಅಲ್ವಾ" ಅನ್ನುವವರು ಇದ್ದಾರೆ. 2023ರ ಅಕ್ಟೋಬರಿನಲ್ಲಿ ಮುಂಬೈ ರಸ್ತೆಯಿಂದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಕೊನೆಯಾದಾಗ ನನ್ನ ಆಫೀಸಿನ ಅರ್ಧ ಜನ ಸ್ಟೇಟಸ್ಸಿನಲ್ಲಿ ಕಣ್ಣೀರು ಹಾಕಿದರು. ಅವರಲ್ಲಿ ಎಷ್ಟು ಜನ ಮುಂಬೈಗೆ ಹೋದಾಗ ಆ ಟ್ಯಾಕ್ಸಿ ಹತ್ತಿದ್ದರು? ಏಸಿ ಇಲ್ಲ ಅಂತ ಆ್ಯಪಿನಲ್ಲಿ ಬೇರೆ ಕರೆದವರೇ ಎಲ್ಲ, ನಾನೂ ಸೇರಿ. ಹಳೇ ಕಾರು ನೋಡಬೇಕು ಅಂದರೆ ಧರ್ಮಸ್ಥಳದ ಮಂಜೂಷಾದಲ್ಲಿವೆ, ಶ್ರೀರಂಗಪಟ್ಟಣದ ಹತ್ತಿರದ ಪಯಣದಲ್ಲಿವೆ. ಅಲ್ಲಿ ಒರೆಸುವುದಕ್ಕೆ ಸಂಬಳದ ಜನ ಇದ್ದಾರೆ. ನಿಮ್ಮ ಅಪ್ಪನಿಗೆ ಆ ಸಂಬಳ ಯಾರೂ ಕೊಡುತ್ತಿಲ್ಲ.

ಸರಕಾರದ ಕಣ್ಣಿಗೂ ಇಂಥ ಕಾರು ಹೆರಿಟೇಜ್ ಅಲ್ಲ. 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಐವತ್ತು ವರ್ಷ ದಾಟಿರಬೇಕು. ದಾಟಿದವರು 'ವಿಎ' ಅಕ್ಷರದ ನಂಬರ್ ಪ್ಲೇಟ್ ತಗೊಂಡರೆ ದಿನಬಳಕೆಗೆ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಮಾತ್ರ. ನಲವತ್ತು ವರ್ಷದ ನಮ್ಮ ಫಿಯಾಟು ಅತ್ತ ವಿಂಟೇಜೂ ಅಲ್ಲ, ಇತ್ತ ಹೊಸತೂ ಅಲ್ಲ, ಬರೀ ಹಳತು. ಐದು ವರ್ಷಕ್ಕೊಮ್ಮೆ ಹೊನ್ನಾವರದ ಆರ್‌ಟಿಓಗೆ ಒಯ್ದು ಫಿಟ್‌ನೆಸ್ ತೋರಿಸಿ ಆರ್‌ಸಿ ನವೀಕರಿಸಬೇಕು. 2022ಕ್ಕೆ ಮುಂಚೆ ಅದರ ಫೀ 600 ರೂಪಾಯಿ ಇತ್ತು, ಆಮೇಲೆ 5,000, ಈಗ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ಹೊಗೆ ಉಗುಳುವ ಗಾಡಿಗೂ ಅದೇ, ಅಪ್ಪ ಪಾಯಿಂಟ್ ಉಜ್ಜಿ ಟ್ಯೂನ್ ಮಾಡಿದ ಗಾಡಿಗೂ ಅದೇ. ಚೆನ್ನಾಗಿ ಇಟ್ಟುಕೊಂಡವನಿಗೆ ಒಂದು ರೂಪಾಯಿ ರಿಯಾಯಿತಿ ಇಲ್ಲ. ಇದರ ಬಗ್ಗೆ ಜಗಳ ಆಡಬೇಕು, ಆಡೋಣ. ಆದರೆ ಆ ಜಗಳ ಗೆಲ್ಲುವ ತನಕ ಎಪ್ಪತ್ತಾರರ ಮನುಷ್ಯ ಕಾರಿನ ಅಡಿ ಮಲಗಿರಬೇಕು ಅನ್ನುವುದು ಯಾವ ನ್ಯಾಯ?

ಹಾಗಂತ ಮಾರುವುದಾದರೂ ಸಸಾರವೇ? ಜಾಹೀರಾತುಗಳಲ್ಲಿ ಎಲ್ಲರೂ ಬರೆಯುವುದು ಒಂದೇ: 'ವೆಲ್ ಮೇಂಟೇನ್ಡ್'. ಅದರಲ್ಲಿ ಮುಕ್ಕಾಲು ಪಾಲು ಸುಳ್ಳು. ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿ, ಮೇಲೆ ಪೇಂಟ್ ಹೊಡೆದು, ಟೈರಿಗೆ ಪಾಲಿಶ್ ಹಚ್ಚಿದರೆ ಫೋಟೋದಲ್ಲಿ ಮಿರಿಮಿರಿ ಮಿಂಚುತ್ತದೆ. ಕೊಳ್ಳುವವರು ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗೆ ಹಿಡಿದರೆ ತಗಡು ಯಾವುದು, ಪುಟ್ಟಿ ಯಾವುದು ಗೊತ್ತಾಗುತ್ತದೆ. ಮಾರುವವರು ಅದಕ್ಕಿಂತ ಮೊದಲೇ ಬಾಯಿಬಿಟ್ಟು ಹೇಳಿಬಿಡಿ. ಅಪ್ಪ ಹಾಗೇ ಮಾಡಿದ. ನಾನು ಬರೆದ ಜಾಹೀರಾತು ಓದಿ "ಇದು ಕಾರೋ, ಮದ್ವೆ ಗಂಡೋ" ಅಂತ ಕೇಳಿ, ಕೊನೆಗೆ ತಾನೇ ಸಾಲು ಸೇರಿಸಿದ: ಎಡಗಡೆ ಹಿಂದಿನ ನೆಲದ ತಗಡು 2016ರಲ್ಲಿ ಟಿಂಕರಿಂಗ್ ಆಗಿದೆ, ಎರಡನೇ ಗೇರು ತಣ್ಣಗಿದ್ದಾಗ ಕಿರಿಕಿರಿ ಮಾಡುತ್ತದೆ, ಪೆಟ್ರೋಲ್ ಮೀಟರ್ ನಂಬಬೇಡಿ.

ಮೂರು ಜನ ಬಂದರು. ಬೆಂಗಳೂರಿನ ಹುಡುಗನೊಬ್ಬ ವೀಡಿಯೋ ಕಾಲಿನಲ್ಲೇ ನೋಡಿ, ಎಂಜಿನ್ ತೆಗೆದು ಬೇರೆ ಹಾಕಿಸಿ ಮ್ಯಾಟ್ ಕಪ್ಪು ಬಣ್ಣ ಹೊಡೆಸುತ್ತೇನೆ ಅಂದ, ಆಮೇಲೆ ಫೋನೇ ಎತ್ತಲಿಲ್ಲ. ಎರಡನೆಯದು ಕಡಲ ದಂಡೆಯ ಒಂದು ರೆಸಾರ್ಟಿನವರು. ಹುಲ್ಲುಹಾಸಿನ ಮೇಲೆ ನಿಲ್ಲಿಸಿ ಸೆಲ್ಫಿ ಪಾಯಿಂಟ್ ಮಾಡುತ್ತಾರಂತೆ, ಎಂಜಿನ್ ಬೇಕಾದರೆ ನೀವೇ ಇಟ್ಟುಕೊಳ್ಳಿ ಅಂದರು. ಎರಡೂ ಕಾಲು ಲಕ್ಷ, ನಗದು. ಮೂರನೆಯವರು ಭಟ್ಕಳದವರು. ದುಬೈಯಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದು ನೆಲೆಸಿದವರು, ಅವರ ತಂದೆ ಒಂದು ಕಾಲದಲ್ಲಿ ಫಿಯಾಟ್ ಟ್ಯಾಕ್ಸಿ ಓಡಿಸುತ್ತಿದ್ದರಂತೆ. ಸಂಗಡ ತಮ್ಮ ಮೆಕ್ಯಾನಿಕ್ಕನ್ನೂ ಕರೆತಂದಿದ್ದರು. ಬಿಳಿ ಅಂಗಿಯಲ್ಲೇ ಚಾಪೆ ಹಾಸಿ ಮಲಗಿ, ಟಾರ್ಚ್ ಬಿಟ್ಟು ಕೆಳಗೆಲ್ಲ ನೋಡಿದರು. ಒಂದು ಲಕ್ಷದ ಅರವತ್ತು ಸಾವಿರ ಅಂದರು.

ಈಗ ಹೇಳಿ, ಆರು ವರ್ಷ 'ನೆನಪು, ನೆನಪು' ಅಂತ ಅಪ್ಪನ ಕೈ ಕಟ್ಟಿಹಾಕಿದ್ದ ನಾನು ಯಾರಿಗೆ ಕೊಡು ಅಂದಿರಬಹುದು? ರೆಸಾರ್ಟಿಗೆ. ಅರವತ್ತೈದು ಸಾವಿರ ಹೆಚ್ಚು ಬರುತ್ತದಲ್ಲ. ನನ್ನ ಭಾವನೆಯ ಬೆಲೆ ಅಷ್ಟೇ ಇತ್ತು.

ಅಪ್ಪ ಕೇಳಲಿಲ್ಲ. ಆ ಭಟ್ಕಳದವರು, "ಮಾಸ್ತರ್ರೇ, ರಿಪೇರಿ ಲೆಕ್ಕ ಏನಾದ್ರೂ ಬರೆದಿಟ್ಟಿದ್ದೀರಾ?" ಅಂತ ಕೇಳಿದ್ದರು. ಅಪ್ಪ ಒಳಗೆ ಹೋಗಿ ಹಾಜರಿ ಪುಸ್ತಕದಂಥ ಎರಡು ದಪ್ಪ ನೋಟ್‌ಬುಕ್ ತಂದ. 1993ರಿಂದ ಪ್ರತಿ ಆಯಿಲ್ ಬದಲಾವಣೆ, ಪ್ರತಿ ಬೇರಿಂಗು, ಯಾವ ಗ್ಯಾರೇಜು, ಎಷ್ಟು ದುಡ್ಡು, ಎಲ್ಲ ದುಂಡು ಅಕ್ಷರದಲ್ಲಿ. ಮೆಕ್ಯಾನಿಕ್ ಹಾಳೆ ತಿರುಗಿಸುತ್ತ ನಿಂತುಬಿಟ್ಟ. ರೆಸಾರ್ಟಿನವರು ಅದನ್ನು ಕೇಳಿಯೇ ಇರಲಿಲ್ಲ. ವ್ಯಾಪಾರ ಅಲ್ಲೇ ಮುಗಿದಿತ್ತು, ನನ್ನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ.

ಹೊನ್ನಾವರದ ಡಾಕ್ಟರರ ವಿಷಯ ನೆನಪಿದೆಯಲ್ಲ? ಅವರಿಗೂ ಮಕ್ಕಳಿದ್ದರು. ಕಾರು ಒಯ್ಯುವ ದಿನ ಅವರ ಮಗಳು ಜಗಲಿಯ ಕಂಬ ಹಿಡಿದು ಅಳುತ್ತಿದ್ದಳು ಅಂತ ಆಯಿ ಹೇಳುತ್ತಾಳೆ. ಅಂದು ಅವಳ ಮಾತು ಕೇಳಿ ಡಾಕ್ಟರರು ಬೇಡ ಅಂದಿದ್ದರೆ ಗೇರುಸೊಪ್ಪೆ ಘಾಟಿಯೂ ಇಲ್ಲ, ಡಿಕ್ಕಿಯ ಹಲಸಿನಹಣ್ಣೂ ಇಲ್ಲ, ಈ ಲೇಖನವೂ ಇಲ್ಲ. ನಾವು 'ನಮ್ಮದು' ಅನ್ನುತ್ತಿದ್ದ ನೆನಪೆಲ್ಲ ಇನ್ನೊಬ್ಬರು ಮಾರಿದ್ದರಿಂದ ಸಿಕ್ಕಿದ್ದು.

ಒಂದು ವಿಷಯದಲ್ಲಿ ಮಾತ್ರ ಭಾವುಕರಾಗಬೇಡಿ: ಕಾಗದಪತ್ರ. "ಪರಿಚಯದವರು, ಆಮೇಲೆ ಮಾಡಿಸಿದರಾಯ್ತು" ಅಂತ ಕೀಲಿ ಕೊಟ್ಟು ಕಳಿಸಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಮಾರಿದಮೇಲೂ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ಅವರ ಮೇಲೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಫಾರ್ಮ್ 29, ಫಾರ್ಮ್ 30ಕ್ಕೆ ಇಬ್ಬರದೂ ಸಹಿ, ವಿಮೆಯಲ್ಲೂ ಹೆಸರು ಬದಲಾವಣೆ. ಅಪ್ಪ ಪ್ಲಾಸ್ಟರ್ ಬಿಚ್ಚಿದ ಕೈಯಲ್ಲೇ ಹೊನ್ನಾವರಕ್ಕೆ ಹೋಗಿ ಸಹಿ ಮಾಡಿ, ಎಲ್ಲದರ ಜೆರಾಕ್ಸ್ ತಗೊಂಡು ಬಂದ.

ಜೂನ್ ಹತ್ತಿರ ಬರುತ್ತಿದೆ. ನಿಮ್ಮ ಶೆಡ್ಡಿನಲ್ಲೂ ಒಂದು ಇದ್ದರೆ, ತಾಡಪಾಲು ಹೊದೆಸುವ ಮೊದಲು ಈ ವಾರವೇ ಫೋನ್ ಮಾಡಿ ಕೇಳಿ. ಅಪ್ಪನಿಗೆ ಇಟ್ಟುಕೊಳ್ಳುವ ಆಸೆ ಇದ್ದರೆ ವರ್ಷಕ್ಕೆ ನಾಲ್ಕು ಸಲ ನೀವೇ ಹೋಗಿ ಆಯಿಲ್ ಬಳಿಯಿರಿ, ಮೆಕ್ಯಾನಿಕ್ಕಿನ ಬಿಲ್ ನೀವೇ ಕಟ್ಟಿ. ಅದಾಗುವುದಿಲ್ಲ ಅಂದರೆ ಸುಮ್ಮನೆ ಮಾರಲು ಬಿಡಿ.

ನಮ್ಮ ಶೆಡ್ಡಿನಲ್ಲಿ ಈಗ ತೆಂಗಿನಕಾಯಿ ರಾಶಿ ಹಾಕಿದ್ದಾರೆ. ಭಟ್ಕಳದವರು ಆಗಾಗ ಫೋನ್ ಮಾಡುತ್ತಾರಂತೆ. ಮೊನ್ನೆ ಚೋಕ್ ಎಷ್ಟು ಎಳೆಯಬೇಕು ಅಂತ ಕೇಳಲು ಮಾಡಿದ್ದರು, ಅಪ್ಪ ಮುಕ್ಕಾಲು ಗಂಟೆ ಮಾತಾಡಿದ. ನನ್ನ ಜೊತೆ ಎರಡು ನಿಮಿಷಕ್ಕೇ "ಸರಿ, ಇಡ್ತೆ" ಅನ್ನುವ ಮನುಷ್ಯ.