ಸಿಗರೇಟು ಬಿಟ್ಟವರ ಲಾಭದ ಲೆಕ್ಕ

ಧೂಮಪಾನದಿಂದ ಆಗುವ ಹಾನಿಯ ಬಗ್ಗೆ ನಮ್ಮಲ್ಲಿ ಪ್ರಚಾರಕ್ಕೇನೂ ಕೊರತೆಯಿಲ್ಲ. ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆಯ ಮಾತಿದೆ, ಜೊತೆಗೆ ಭಯ ಹುಟ್ಟಿಸುವ ಚಿತ್ರವೂ ಇದೆ. ಸಿನಿಮಾ ಶುರುವಾಗುವ ಮೊದಲೂ ಅದೇ ಎಚ್ಚರಿಕೆ. ಆದರೂ ಸೇದುವವರು ಸೇದುತ್ತಲೇ ಇದ್ದಾರೆ. ಸೇದಿದರೆ ಏನು ಕಳೆದುಕೊಳ್ಳುತ್ತೀರಿ ಎಂದು ಹೇಳಲು ನೂರು ಜನ ಇದ್ದಾರೆ. ಬಿಟ್ಟರೆ ಏನು ಸಿಗುತ್ತದೆ ಎಂದು ಹೇಳುವವರು ಕಡಿಮೆ. ಹೀಗಾಗಿ ಹತ್ತಿಪ್ಪತ್ತು ವರ್ಷ ಸೇದಿದವರು ‘ಆಗುವುದು ಆಗಿಹೋಗಿದೆ, ಇನ್ನು ಬಿಟ್ಟು ಮಾಡುವುದೇನು?’ ಎಂದು ಕೈಚೆಲ್ಲಿ ಕೂರುತ್ತಾರೆ. ವಿಜ್ಞಾನ ಈ ಮಾತನ್ನು ಒಪ್ಪುವುದಿಲ್ಲ. ಈ ವಾರ ನಷ್ಟದ ಪಟ್ಟಿಯನ್ನು ಬದಿಗಿಟ್ಟು ಲಾಭದ ಲೆಕ್ಕವನ್ನು ನೋಡೋಣ.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ನಾನು ತೋರಿಸುವ ಒಂದು ಸರಳ ಪ್ರಯೋಗವಿದೆ. ಒಂದು ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಸಣ್ಣ ತೂತು ಮಾಡಿ, ಅದನ್ನು ಬೆರಳಿನಿಂದ ಮುಚ್ಚಿಕೊಂಡು ನೀರು ತುಂಬಬೇಕು. ಮುಚ್ಚಳದಲ್ಲಿ ಒಂದು ಕೊಳವೆ ಸಿಕ್ಕಿಸಿ, ಅದರೊಳಗೆ ಬಿಳಿ ಹತ್ತಿ ತುರುಕಿ, ಹೊರತುದಿಗೆ ಹೊತ್ತಿಸಿದ ಸಿಗರೇಟು ಇಡಬೇಕು. ಬೆರಳು ತೆಗೆದಾಗ ನೀರು ಕೆಳಗೆ ಸುರಿಯುತ್ತದೆ, ಒಳಗಿನ ಒತ್ತಡ ಕಡಿಮೆಯಾಗಿ ಬಾಟಲಿ ತಾನೇ ಹೊಗೆ ಎಳೆಯತೊಡಗುತ್ತದೆ. ಸಿಗರೇಟು ಮುಗಿಯುವಷ್ಟರಲ್ಲಿ ಹತ್ತಿ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿರುತ್ತದೆ. (ಇದನ್ನು ಮನೆಯಲ್ಲಿ ಮಾಡಬೇಡಿ, ಉಪಾಧ್ಯಾಯರು ತೋರಿಸಿದಾಗ ನೋಡಿ.) ಒಮ್ಮೆ ಎಲ್ಲರೂ ಹೋದ ಮೇಲೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಹಿಂದೆ ಉಳಿದು, “ಸರ್, ತುಂಬಾ ವರ್ಷದಿಂದ ಸೇದುವವರು ಈಗ ಬಿಟ್ಟರೆ ಈ ಅಂಟು ಹೋಗುತ್ತದಾ?” ಎಂದು ಕೇಳಿದ. ಯಾರ ವಿಚಾರ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂಥ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡ ಮಕ್ಕಳು ಬೇಕಾದಷ್ಟು ಮಂದಿ ಇರುತ್ತಾರೆ. ಅವರಿಗೂ ಅವರ ತಂದೆತಾಯಿಗಳಿಗೂ ಉತ್ತರ ಇಲ್ಲಿದೆ.

ಮೊದಲ ದಿನದ ಗಳಿಕೆ

ಲಾಭ ಶುರುವಾಗಲು ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಕೊನೆಯ ಸಿಗರೇಟು ಆರಿಸಿದ ಸುಮಾರು 20 ನಿಮಿಷಗಳಲ್ಲಿ ಹೃದಯದ ಬಡಿತ ಮತ್ತು ರಕ್ತದೊತ್ತಡ ಇಳಿಯತೊಡಗುತ್ತವೆ. ನಿಕೋಟಿನ್ ಎಂಬುದು ಹೃದಯಕ್ಕೆ ಚಾಟಿ ಬೀಸುವ ವಸ್ತು. ಚಾಟಿ ನಿಂತರೆ ಓಟವೂ ನಿಧಾನವಾಗುತ್ತದೆ.

ಎರಡನೆಯದು ರಕ್ತದ ವಿಚಾರ. ಹೊಗೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲವಿದೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹಕ್ಕೆಲ್ಲ ಹಂಚುವುದು ರಕ್ತದ ಹಿಮೋಗ್ಲೋಬಿನ್‌ನ ಕೆಲಸ ಎಂದು ವಿದ್ಯಾರ್ಥಿಗಳು ಓದಿದ್ದೀರಿ. ಆದರೆ ಈ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಕಾರ್ಬನ್ ಮೋನಾಕ್ಸೈಡ್ ಮೇಲೆ 200 ಪಟ್ಟಿಗೂ ಹೆಚ್ಚು ಆಕರ್ಷಣೆ. ಜಾತ್ರೆಯ ದಿನ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಲ್ಲವೇ, ಹಾಗೆ ಇದು ಜಾಗ ಹಿಡಿದುಬಿಡುತ್ತದೆ. ಆಮ್ಲಜನಕ ನಿಂತೇ ಇರಬೇಕಾಗುತ್ತದೆ. ಸೇದುವುದು ನಿಂತ ಮೇಲೆ 12 ಗಂಟೆಯಿಂದ ಒಂದು ದಿನದೊಳಗೆ ಈ ಅನಿಲ ರಕ್ತದಿಂದ ಇಳಿದು ಹೋಗುತ್ತದೆ. ಅಂದರೆ ಇಂದು ರಾತ್ರಿ ಬಿಟ್ಟವರ ಹೃದಯಕ್ಕೂ ಮೆದುಳಿಗೂ ನಾಳೆ ರಾತ್ರಿಯ ಹೊತ್ತಿಗೆ ಹೆಚ್ಚು ಆಮ್ಲಜನಕ ತಲುಪುತ್ತಿರುತ್ತದೆ.

ವಾರ, ತಿಂಗಳು

ಕೆಲವು ದಿನಗಳಲ್ಲಿ ನಾಲಿಗೆ ಮತ್ತು ಮೂಗು ಚುರುಕಾಗುತ್ತವೆ. ಸಾರಿನ ಒಗ್ಗರಣೆಯ ವಾಸನೆ, ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಮತ್ತೆ ಮೂಗಿಗೆ ಬಡಿಯುತ್ತವೆ. ಇದು ಸಣ್ಣ ಲಾಭವೆಂದು ಕಾಣಬಹುದು. ಆದರೆ ದಿನಕ್ಕೆ ಮೂರು ಹೊತ್ತು ಅನುಭವಕ್ಕೆ ಬರುವ ಲಾಭ ಇದು.

ಎರಡರಿಂದ ಹನ್ನೆರಡು ವಾರಗಳೊಳಗೆ ರಕ್ತ ಸಂಚಾರ ಸುಧಾರಿಸಿ ಶ್ವಾಸಕೋಶದ ಸಾಮರ್ಥ್ಯ ಹೆಚ್ಚುತ್ತದೆ. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಲ್ಲುತ್ತಿದ್ದವರು ನಿಲ್ಲದೆ ಹತ್ತುತ್ತಾರೆ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಸಿಲಿಯ ಎಂಬ ಅತಿ ಸೂಕ್ಷ್ಮ ರೋಮಗಳಿವೆ. ಗಾಳಿಗೆ ಬಾಗುವ ಭತ್ತದ ಪೈರಿನಂತೆ ಇವು ಒಂದೇ ಸಮನೆ ಬಡಿಯುತ್ತ, ಧೂಳು ಮತ್ತು ಕಫವನ್ನು ಮೇಲಕ್ಕೆ ತಳ್ಳುತ್ತವೆ. ಹೊಗೆ ಇವನ್ನು ನಿಷ್ಕ್ರಿಯಗೊಳಿಸುತ್ತದೆ. ಹೊಗೆ ನಿಂತಾಗ ಇವು ಚೇತರಿಸಿಕೊಂಡು ಗುಡಿಸುವ ಕೆಲಸವನ್ನು ಮತ್ತೆ ಶುರುಮಾಡುತ್ತವೆ. ಇದರಿಂದಾಗಿ ಬಿಟ್ಟ ಹೊಸದರಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಾಗುತ್ತದೆ. ‘ಬಿಟ್ಟಿದ್ದರಿಂದಲೇ ಕೆಮ್ಮು ಬಂತು’ ಎಂದು ಮತ್ತೆ ಹಚ್ಚುವವರಿದ್ದಾರೆ. ಅದು ಮನೆ ಗುಡಿಸುವಾಗ ಏಳುವ ಧೂಳು ಅಷ್ಟೇ. ಒಂದರಿಂದ ಒಂಬತ್ತು ತಿಂಗಳಲ್ಲಿ ಕೆಮ್ಮು, ಉಬ್ಬಸ ಕಡಿಮೆಯಾಗುತ್ತವೆ. (ಕೆಮ್ಮಿನಲ್ಲಿ ರಕ್ತ ಕಂಡರೆ ಅಥವಾ ವಾರಗಟ್ಟಲೆ ಕೆಮ್ಮು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಲೇಬೇಕು.)

ವರ್ಷಗಳ ಗಳಿಕೆ

ಒಂದು ವರ್ಷ ದಾಟಿದಾಗ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹತ್ತು ವರ್ಷದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹದಿನೈದು ವರ್ಷ ಕಳೆದರೆ ಹೃದ್ರೋಗದ ಮಟ್ಟಿಗೆ ಅವರು ಎಂದೂ ಸೇದದವರ ಸಾಲಿಗೆ ಬರುತ್ತಾರೆ.

ಎಲ್ಲವೂ ಮೊದಲಿನಂತಾಗುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಶ್ವಾಸಕೋಶದ ಗಾಳಿಚೀಲಗಳು ಒಮ್ಮೆ ಒಡೆದುಹೋದರೆ ಮತ್ತೆ ಬೆಳೆಯುವುದಿಲ್ಲ. ಆದರೆ ಮುಂದಿನ ಹಾನಿಯ ವೇಗ ತಗ್ಗುತ್ತದೆ. ಉಳಿದದ್ದನ್ನು ಉಳಿಸಿಕೊಳ್ಳುವುದೂ ಲಾಭವೇ. ಬೇಗ ಬಿಟ್ಟಷ್ಟೂ ಒಳ್ಳೆಯದು ಎನ್ನುವುದು ಇದರಿಂದಲೇ.

ಇದಕ್ಕೆ ಬಲವಾದ ಸಾಕ್ಷಿ ಒದಗಿಸಿದವರು ವೈದ್ಯರೇ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ತೋರಿಸಿಕೊಟ್ಟರು. ಆ ಅಧ್ಯಯನದ ಅಂಕಿಅಂಶ ಕಂಡ ಡಾಲ್ ತಾವೇ ಸಿಗರೇಟು ಬಿಟ್ಟರು. ಮರುವರ್ಷ ಇಬ್ಬರೂ ಸೇರಿ ಬ್ರಿಟನ್ನಿನ 34,439 ಪುರುಷ ವೈದ್ಯರ ಅಭ್ಯಾಸಗಳನ್ನು ದಾಖಲಿಸಿಕೊಂಡು, ಅವರ ಆರೋಗ್ಯವನ್ನು ಗಮನಿಸತೊಡಗಿದರು. ಈ ಅಧ್ಯಯನ ಐವತ್ತು ವರ್ಷ ನಡೆಯಿತು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೇದುತ್ತಲೇ ಇದ್ದವರ ಆಯಸ್ಸು ಸರಾಸರಿ ಸುಮಾರು 10 ವರ್ಷ ಕಡಿಮೆ. 60ನೇ ವಯಸ್ಸಿನಲ್ಲಿ ಬಿಟ್ಟವರು ಸುಮಾರು 3 ವರ್ಷ, 50ರಲ್ಲಿ ಬಿಟ್ಟವರು 6 ವರ್ಷ, 40ರಲ್ಲಿ ಬಿಟ್ಟವರು 9 ವರ್ಷ ಮರಳಿ ಪಡೆದರು. 30ರಲ್ಲಿ ಬಿಟ್ಟವರಿಗೆ ಹತ್ತಕ್ಕೆ ಹತ್ತೂ ದಕ್ಕಿತು ಎನ್ನಬಹುದು.

ಈ ಅಂಕಿಗಳನ್ನು ಪೋಷಕರು ಇನ್ನೊಮ್ಮೆ ಓದಬೇಕು. ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳ ತಂದೆ ಸಾಮಾನ್ಯವಾಗಿ ನಲವತ್ತರ ಆಸುಪಾಸಿನವರು. ಒಂಬತ್ತು ವರ್ಷವೆಂದರೆ ಮಗಳ ಮದುವೆ, ಮೊಮ್ಮಗುವನ್ನು ಶಾಲೆಗೆ ಬಿಡುವುದು, ಹೆಂಡತಿಯ ವೃದ್ಧಾಪ್ಯಕ್ಕೆ ಜೊತೆಯಾಗುವುದು, ಎಲ್ಲವೂ ಅದರೊಳಗೆ ಬರುತ್ತದೆ.

ಕಡಿಮೆ ಮಾಡಿದರೆ ಸಾಲದೇ?

‘ಹತ್ತು ಸೇದುತ್ತಿದ್ದವನು ಈಗ ಎರಡಕ್ಕೆ ಇಳಿಸಿದ್ದೇನೆ’ ಎಂದು ಸಮಾಧಾನಪಟ್ಟುಕೊಳ್ಳುವವರು ಬಹಳ. ಇಳಿಸಿದ್ದು ಒಳ್ಳೆಯ ಆರಂಭ, ಆದರೆ ಅಲ್ಲೇ ನಿಲ್ಲಬಾರದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವವರಿಗಿರುವ ಹೃದ್ರೋಗದ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧದಷ್ಟು ಒಂದೇ ಒಂದು ಸೇದುವವರಿಗೂ ಇದೆ ಎಂದು ಕಂಡುಬಂತು. ಇಪ್ಪತ್ತರಲ್ಲಿ ಒಂದು ಪಾಲು ಸೇದಿದರೆ ಇಪ್ಪತ್ತರಲ್ಲಿ ಒಂದು ಪಾಲು ಅಪಾಯ ಎಂಬ ತ್ರೈರಾಶಿ ಇಲ್ಲಿ ನಡೆಯುವುದಿಲ್ಲ.

ಬೀಡಿ ಎಲೆಯಲ್ಲಿ ಸುತ್ತಿದ್ದು, ಆದ್ದರಿಂದ ಅಪಾಯ ಕಡಿಮೆ ಎಂಬ ನಂಬಿಕೆಯೂ ತಪ್ಪು. ಬೀಡಿ ಬೇಗ ಆರಿಹೋಗುವುದರಿಂದ ಬಲವಾಗಿ, ಮೇಲಿಂದ ಮೇಲೆ ಎಳೆಯಬೇಕು. ಟಾರು, ನಿಕೋಟಿನ್, ಕಾರ್ಬನ್ ಮೋನಾಕ್ಸೈಡ್ ಹೆಚ್ಚಾಗಿಯೇ ಒಳಹೋಗುತ್ತವೆ. ಸಿಗರೇಟು ಬಿಟ್ಟು ಗುಟ್ಕಾ, ಹೊಗೆಸೊಪ್ಪಿಗೆ ತಿರುಗಿದರೆ ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದಂತೆ.

ಜೇಬಿನ ಲೆಕ್ಕ

ಇನ್ನು ವಿದ್ಯಾರ್ಥಿಗಳೇ ಮಾಡಬಹುದಾದ ಒಂದು ಲೆಕ್ಕ. ಒಂದು ಸಿಗರೇಟಿಗೆ 15 ರೂಪಾಯಿ, ದಿನಕ್ಕೆ ಹತ್ತು ಎಂದು ಇಟ್ಟುಕೊಳ್ಳಿ. ದಿನಕ್ಕೆ 150, ತಿಂಗಳಿಗೆ 4,500, ವರ್ಷಕ್ಕೆ 54,750 ರೂಪಾಯಿ. ಹತ್ತು ವರ್ಷಕ್ಕೆ 5,47,500. ಬೆಲೆ ಏರಿಕೆಯನ್ನೂ ಬ್ಯಾಂಕಿನ ಬಡ್ಡಿಯನ್ನೂ ಸೇರಿಸಿಲ್ಲ. ಮಗನ ಕಾಲೇಜು ಶುಲ್ಕಕ್ಕೆ ಎಲ್ಲಿಂದ ತರುವುದು ಎಂದು ಚಿಂತಿಸುವ ಮನೆಯಲ್ಲಿ ಆ ಹಣ ಪ್ರತಿದಿನ ಹೊಗೆಯಾಗಿ ಹೋಗುತ್ತಿರಬಹುದು. ಕೊನೆಯ ಸಿಗರೇಟಿನ ಮರುದಿನದಿಂದ ಆ ಮೊತ್ತವನ್ನು ಒಂದು ಡಬ್ಬಿಯಲ್ಲಿ ಹಾಕುತ್ತಾ ಬನ್ನಿ. ತಿಂಗಳ ಕೊನೆಗೆ ಮನೆಮಂದಿಯೆಲ್ಲ ಕುಳಿತು ಎಣಿಸಿ.

ಮನೆಗೆ ಆಗುವ ಲಾಭ

ಅಪ್ಪ ಸೇದಿದ ಹೊಗೆ ಅಪ್ಪನಲ್ಲಿ ಮಾತ್ರ ಉಳಿಯುವುದಿಲ್ಲ. ಮನೆಯೊಳಗೆ ಹೊಗೆ ಕುಡಿಯುವ ಮಕ್ಕಳಿಗೆ ಆಸ್ತಮಾ ಉಲ್ಬಣಿಸುತ್ತದೆ, ಎದೆಯ ಸೋಂಕು, ಕಿವಿಯ ಸೋಂಕು ಹೆಚ್ಚು. ಬಿಟ್ಟಾಗ ಈ ಲಾಭ ಮನೆಯವರಿಗೆಲ್ಲ ಹಂಚಿಕೆಯಾಗುತ್ತದೆ.

ಇದಕ್ಕಿಂತ ದೊಡ್ಡದು ಮಾದರಿಯ ಪ್ರಶ್ನೆ. ಗಾಂಧೀಜಿಯವರ ಆತ್ಮಕಥೆಯಲ್ಲಿ ಅವರ ಬಾಲ್ಯದ ಧೂಮಪಾನದ ಪ್ರಸಂಗವಿದೆ. ಅವರ ಚಿಕ್ಕಪ್ಪನಿಗೆ ಆ ಅಭ್ಯಾಸವಿತ್ತು. ಅವರು ಸೇದಿ ಎಸೆದ ಮೋಟು ತುಂಡುಗಳನ್ನು ಬಾಲಕ ಮೋಹನದಾಸ ಮತ್ತು ಅವನ ಸಂಬಂಧಿಕನೊಬ್ಬ ಕದ್ದು ಸೇದತೊಡಗಿದರು. ತುಂಡುಗಳು ಸಾಲದಾದಾಗ ಆಳಿನ ಕಾಸಿಗೂ ಕೈಹಾಕಿದರು. ಚಿಕ್ಕಪ್ಪ ಹುಡುಗರಿಗೆ ಸೇದಿ ಎಂದು ಹೇಳಿರಲಿಲ್ಲ, ಸೇದುವುದನ್ನು ಅವರು ನೋಡಿದ್ದರು, ಅಷ್ಟೇ. ‘ನಾನು ಹಾಳಾದರೂ ಮಗ ಕಲಿಯಬಾರದು’ ಎನ್ನುವ ತಂದೆ, ಅದೇ ಮಗನನ್ನು ಪೆಟ್ಟಿಗೆ ಅಂಗಡಿಗೆ ಕಳಿಸಿ ಸಿಗರೇಟು ತರಿಸುವುದು ಎಂಥ ವಿಪರ್ಯಾಸ! ಕರ್ನಾಟಕದಲ್ಲಿ 2025ರ ತಿದ್ದುಪಡಿಯ ನಂತರ 21 ವರ್ಷದೊಳಗಿನವರಿಗೆ ಸಿಗರೇಟು ಮಾರುವುದೇ ಕಾನೂನಿಗೆ ವಿರುದ್ಧ. ವಿದ್ಯಾರ್ಥಿಗಳು ಇನ್ನೊಂದು ನೆನಪಿಡಿ: ಹೊಗೆಯಿಲ್ಲವೆಂದು ಹೇಳಿ ಯಾರಾದರೂ ಕೈಗಿಡುವ ಇ-ಸಿಗರೇಟಿನಲ್ಲೂ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ. ಅದರ ಮಾರಾಟ ದೇಶದಾದ್ಯಂತ 2019ರಿಂದಲೇ ನಿಷೇಧವಾಗಿದೆ.

ಬಿಡುವುದು ಹೇಗೆ?

ಹೊಗೆಯೊಂದಿಗೆ ಎಳೆದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಮೆದುಳು ಅದಕ್ಕೆ ಒಗ್ಗಿಹೋಗಿರುವುದರಿಂದ ಬಿಟ್ಟ ಮೊದಲ ವಾರ ಸಿಡುಕು, ತಲೆನೋವು, ನಿದ್ರಾಭಂಗ, ಏಕಾಗ್ರತೆಯ ಕೊರತೆ ಕಾಡುವುದು ಸಹಜ. ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ತಗ್ಗುತ್ತವೆ. ಸೇದಬೇಕೆಂಬ ತುಡಿತ ಒಮ್ಮೆಗೆ ಕೆಲವೇ ನಿಮಿಷ ಇರುತ್ತದೆ. ಆಗ ಒಂದು ಲೋಟ ನೀರು ಕುಡಿಯಿರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಬಾಯಿಗೆ ಒಂದಿಷ್ಟು ಸೋಂಪು ಹಾಕಿಕೊಳ್ಳಿ. ಕಾಫಿಯ ಜೊತೆ ಸೇದುವ ರೂಢಿಯಿದ್ದವರು ಕಾಫಿ ಕುಡಿಯುವ ಜಾಗವನ್ನೇ ಬದಲಾಯಿಸಿ. ಹಲವರಿಗೆ ತೂಕ ನಾಲ್ಕೈದು ಕಿಲೋ ಏರುವುದುಂಟು. ದಿನವೂ ನಡಿಗೆ ಇಟ್ಟುಕೊಂಡರೆ ಅದನ್ನು ಹತೋಟಿಯಲ್ಲಿಡಬಹುದು. ಅಗತ್ಯವೆನಿಸಿದರೆ ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಬಳಸಬಹುದು.

ಮೊದಲ ಪ್ರಯತ್ನದಲ್ಲೇ ಗೆಲ್ಲದವರು ಬಹಳ. ಗಣಿತದಲ್ಲಿ ಒಮ್ಮೆ ಫೇಲಾದ ಹುಡುಗನನ್ನು ನಾವು ಮತ್ತೆ ಪರೀಕ್ಷೆಗೆ ಕೂರಿಸುವುದಿಲ್ಲವೇ? ಹಾಗೆಯೇ ಇದೂ.

ಮಕ್ಕಳಿಗೆ ಒಂದು ಮಾತು. ಅಪ್ಪನಿಗೆ ಉಪದೇಶ ಮಾಡಲು, ಪ್ಯಾಕೆಟ್ ಬಚ್ಚಿಡಲು ಹೋಗಬೇಡಿ. ‘ಅಪ್ಪಾ, ನೀವು ಬಿಟ್ಟರೆ ನನಗೆ ತುಂಬಾ ಸಂತೋಷವಾಗುತ್ತೆ’ ಎಂದು ಒಮ್ಮೆ ಹೇಳಿ, ಸಾಕು. ಅವರು ಬಿಟ್ಟ ಮೊದಲ ವಾರ ರೇಗಿದರೆ ಎದುರು ಮಾತಾಡದೆ ಸಹಿಸಿಕೊಳ್ಳಿ. ಅದು ನಿಮ್ಮ ಮೇಲಿನ ಕೋಪವಲ್ಲ, ನಿಕೋಟಿನ್ ಸಿಗದ ಮೆದುಳಿನ ಗಲಾಟೆ.

ತಂದೆಯರು ಒಂದು ದಿನ ಗೊತ್ತುಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯವರಿಗೆ ಹೇಳಿ. ನೆರವು ಬೇಕಾದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-112-356ಕ್ಕೆ ಫೋನ್ ಮಾಡಬಹುದು, ಕರೆಗೆ ಹಣ ಕೊಡಬೇಕಿಲ್ಲ. ಆರಿಸಿಕೊಳ್ಳುವ ದಿನ ಈ ತಿಂಗಳಿನಲ್ಲೇ ಇರಲಿ.