ಎನ್‌ಜಿಇಎಫ್ ಅಂಗಳದಲ್ಲಿ ಮಕ್ಕಳಿಗೂ ಜಾಗವಿರಲಿ

ಪುಣೆ ಕ್ಯಾಂಪ್‌ನಲ್ಲಿ ನಮ್ಮದು ಮೂರನೇ ಮಹಡಿಯ ಮನೆ. ನಾಲ್ಕು ವರ್ಷದ ಮಗಳ ನರ್ಸರಿಯೂ ಮಹಡಿಯ ಮೇಲೆಯೇ. ಅವಳ ಕಾಲಿಗೆ ಮಣ್ಣು ತಾಗುವುದು ಭಾನುವಾರ ಎಂಪ್ರೆಸ್ ಗಾರ್ಡನ್‌ಗೆ ಕರೆದೊಯ್ದಾಗ ಮಾತ್ರ. ಹಳೆಯ ಮರಗಳ ಬುಡದಲ್ಲಿ ಎಲೆ, ಕಾಯಿ ಆರಿಸುತ್ತಾ ಕುಳಿತರೆ ಎಬ್ಬಿಸುವುದೇ ಕಷ್ಟ.

ಕಳೆದ ಸಲ ಬೆಂಗಳೂರಿಗೆ ಹೋದಾಗ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾಂಪೌಂಡ್ ಕಂಡು ಇದೇ ನೆನಪಾಯಿತು. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ 1956ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕಾರ್ಖಾನೆ ಟ್ರಾನ್ಸ್‌ಫಾರ್ಮರ್, ಮೋಟಾರುಗಳನ್ನು ತಯಾರಿಸುತ್ತಿತ್ತು. 2002ರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಶೆಡ್‌ಗಳ ಸುತ್ತ ಮರಗಳು ದಟ್ಟವಾಗಿ ಬೆಳೆದವು. ಈಗ 105 ಎಕರೆಯಲ್ಲಿ 65 ಎಕರೆಯನ್ನು ಟ್ರೀ ಪಾರ್ಕ್ ಮಾಡಲು ರಾಜ್ಯ ಸರ್ಕಾರ ಯೋಜಿಸಿದೆ. ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದದ್ದನ್ನು ನೋಡಿದ ನಮಗೆ ಇದು ಸಮಾಧಾನದ ಸಂಗತಿ.

ಆದರೆ ನಮ್ಮಲ್ಲಿ ಪಾರ್ಕ್ ಎಂದರೆ ವಾಕಿಂಗ್ ಟ್ರ್ಯಾಕ್, ಕಾರಂಜಿ, ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಬೋರ್ಡು. ನನ್ನ ಬೇಡಿಕೆ ಇಷ್ಟೇ: ಒಂದು ಹಳೆಯ ಶೆಡ್, ಅದರ ಸುತ್ತಲಿನ ಒಂದೆರಡು ಎಕರೆ ನೆರಳನ್ನು ಶಿಶುವಿಹಾರಕ್ಕೆ ಬಿಡಿ. ಹೆಸರಲ್ಲೇ ವಿಹಾರವಿದ್ದರೂ ನಾವು ಅದನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕಿದ್ದೇವೆ. ಸುತ್ತಲಿನ ಅಂಗನವಾಡಿಗಳ ಮಕ್ಕಳು ಸರದಿಯಂತೆ ಅಲ್ಲಿಗೆ ಬರಲಿ. ಬೀಜ ಬಿತ್ತಲಿ, ಇರುವೆ ಸಾಲು ನೋಡಲಿ, ಕೆಸರಲ್ಲಿ ಆಡಲಿ. ಜೋರು ಮಳೆಗೆ, ಊಟಕ್ಕೆ, ನಿದ್ದೆಗೆ ಶೆಡ್ ಇದೆ.

ಇದು ಪರದೇಶದ ಫ್ಯಾಷನ್ ಅಲ್ಲ. ನಾನಿರುವ ಮಹಾರಾಷ್ಟ್ರದಲ್ಲೇ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಕೋಸಬಾಡದ ಆದಿವಾಸಿ ಮಕ್ಕಳಿಗಾಗಿ ‘ಕುರಣಶಾಳಾ’ ನಡೆಸಿದ್ದರು. ಕುರಣ ಎಂದರೆ ಹುಲ್ಲುಗಾವಲು. ದನ ಮೇಯಿಸುವ ಮಕ್ಕಳಿಗೆ ಶಾಲೆಗೆ ಬರಲಾಗದಿದ್ದಾಗ ಶಾಲೆಯೇ ಹುಲ್ಲುಗಾವಲಿಗೆ ಹೋಯಿತು. ಇನ್ನು, ಮುಚ್ಚಿದ ಕಾರ್ಖಾನೆಯನ್ನು ಕೆಡವದೆ ಉದ್ಯಾನ ಮಾಡಬಹುದು ಎಂಬುದಕ್ಕೆ ಎಇಜಿಯ ನಾಡಿನಲ್ಲೇ ಉದಾಹರಣೆಯಿದೆ. ಡ್ಯೂಯಿಸ್‌ಬರ್ಗ್‌ನಲ್ಲಿ 1985ರಲ್ಲಿ ನಿಂತ ಕಬ್ಬಿಣದ ಕಾರ್ಖಾನೆ 1994ರಲ್ಲಿ ಉದ್ಯಾನವಾಗಿ ತೆರೆಯಿತು. ಕುಲುಮೆಗಳು ಅಲ್ಲೇ ಉಳಿದಿವೆ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಕಾರ್ಖಾನೆಯ ಮಣ್ಣು ತೋಟದ ಮಣ್ಣಲ್ಲ. ಇಂಥ ಜಾಗಗಳಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆ, ಹಳೆಯ ಬಣ್ಣದ ಸೀಸ, ಛಾವಣಿಯ ಆಸ್ಬೆಸ್ಟಾಸ್ ಉಳಿದಿರಬಹುದು. ಚಿಕ್ಕ ಮಕ್ಕಳು ಮಣ್ಣಾದ ಕೈಯನ್ನೇ ಬಾಯಿಗಿಡುತ್ತಾರೆ. ಆದ್ದರಿಂದ ಮೊದಲು ಮಣ್ಣು, ನೀರಿನ ಪರೀಕ್ಷೆಯಾಗಬೇಕು. ವರದಿ ಎಲ್ಲರಿಗೂ ಸಿಗಬೇಕು. ಕೆಟ್ಟ ಮಣ್ಣನ್ನು ತೆಗೆದು ಒಳ್ಳೆಯ ಮಣ್ಣು ಹಾಕಬೇಕು. ಖರ್ಚಾಗುತ್ತದೆ, ನಿಜ. ಒಂದು ಕಾರಂಜಿ ಕಡಿಮೆಯಾದರೆ ನಷ್ಟವೇನಿಲ್ಲ.

ಹೊರಗಿರುವ ನಾವು ಊರಿಗೆ ಮರಳುವ ಮಾತು ಬಂದಾಗ ಸಂಬಳ, ಟ್ರಾಫಿಕ್ಕಿನ ಲೆಕ್ಕ ಹಾಕುತ್ತೇವೆ. ಮಕ್ಕಳಿಗೆ ಅಲ್ಲಿ ಏನಿದೆ ಎಂದೂ ಕೇಳೋಣ. ಊರಿನಲ್ಲಿರುವ ಅಪ್ಪ, ಅಮ್ಮ, ಗೆಳೆಯರ ಮೂಲಕ ಶಾಸಕರಿಗೆ ಒಂದು ಪತ್ರ ತಲುಪಿಸೋಣ. ಕಾಂಕ್ರೀಟ್ ಬಿದ್ದ ಮೇಲೆ ಮಣ್ಣು ಕೇಳಿ ಫಲವಿಲ್ಲ.