ಸಂಜೆ ನಾಲ್ಕರ ನಂತರ ಮಗು ಯಾರ ಹೊಣೆ?

ಅಂಗನವಾಡಿ ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತದೆ. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ತಾಯಿ ಪಾಳಿ ಮುಗಿಸಿ, ಬಸ್ಸು ಹಿಡಿದು ಮನೆ ಸೇರುವಾಗ ದೀಪ ಹಚ್ಚುವ ಹೊತ್ತಾಗಿರುತ್ತದೆ. ನಡುವಿನ ಎರಡು ಮೂರು ತಾಸು ಮಗುವನ್ನು ಕಾಯುತ್ತಿದ್ದುದು ಸರ್ಕಾರವೂ ಅಲ್ಲ, ಕಾರ್ಖಾನೆಯೂ ಅಲ್ಲ. ಅದು ಪಕ್ಕದ ಮನೆಯ ಕೆಲಸವಾಗಿತ್ತು. ಆ ಏರ್ಪಾಡು ನಮ್ಮ ಕಣ್ಣೆದುರೇ ಕುಸಿಯುತ್ತಿದೆ. ರಸ್ತೆ ಗುಂಡಿಗೆ, ಒತ್ತುವರಿಯಾದ ಕೆರೆಗೆ ಕೂಗೆಬ್ಬಿಸುವ ನಾವು ಈ ನಷ್ಟದ ಬಗ್ಗೆ ತುಟಿ ಬಿಚ್ಚಿಲ್ಲ.

ವಠಾರಗಳಲ್ಲಿ ಮಗುವನ್ನು ಪಕ್ಕದ ಮನೆಗೆ ಒಪ್ಪಿಸಲು ಒಂದು ಮಾತು ಸಾಕಾಗುತ್ತಿತ್ತು: ‘ಅಕ್ಕಾ, ಸ್ವಲ್ಪ ಮಗೂನ ನೋಡ್ಕೋತಿರಿ, ರೇಷನ್ ತಂದ್ಬಿಡ್ತೀನಿ’. ಮಂಡಿ ತರಚಿಕೊಂಡ ಹುಡುಗನಿಗೆ ಅರಿಸಿನ ಹಚ್ಚಲು ಹೆತ್ತವಳೇ ಬರಬೇಕಿರಲಿಲ್ಲ. ಶಾಲೆ ತಪ್ಪಿಸಿ ಅಲೆಯುವವನನ್ನು ತಡೆದು ಕೇಳುವ ಸಲಿಗೆ ಬೀದಿ ಕೊನೆಯ ಅಂಗಡಿಯವನಿಗೂ ಇತ್ತು. ಇಂದು ಹಾಗೆ ಕೇಳಿದವರಿಗೆ ಸಿಗುವ ಉತ್ತರ, ‘ನಮ್ಮ ಮಗೂಗೆ ಹೇಳೋಕೆ ನೀವ್ಯಾರು?’ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕ. ಮನೆಗೆಲಸದವಳ ಮಗು ಆ ಅಂಗಳಕ್ಕೆ ಕಾಲಿಟ್ಟರೆ ಸೆಕ್ಯುರಿಟಿಯವನ ಗದರಿಕೆ.

ಹಳೆಯ ಕೇರಿಯನ್ನು ಹೊಗಳಿ ಹಾಡುವುದು ನಮ್ಮ ಉದ್ದೇಶವಲ್ಲ. ಅಲ್ಲಿ ಯಾರ ಮಗು ಯಾರ ಮನೆಯಲ್ಲಿ ಉಣ್ಣಬಹುದೆಂಬುದನ್ನು ಜಾತಿ ನಿರ್ಧರಿಸುತ್ತಿತ್ತು; ದುಡಿಮೆಯೆಲ್ಲ ಹೆಂಗಸರದು, ಅದಕ್ಕೆ ಕೂಲಿಯೂ ಇಲ್ಲ, ಲೆಕ್ಕವೂ ಇಲ್ಲ. ಮಗುವನ್ನು ಬೇರೆಯವರ ಬಳಿ ಬಿಡಲು ಹೆತ್ತವರು ಪಡುವ ಭಯಕ್ಕೂ ಕಾರಣವಿದೆ. ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಪರಿಚಿತನೇ. ಆದರೆ ಇದಕ್ಕೆ ಕದ ಮುಚ್ಚುವುದು ಉತ್ತರವಲ್ಲ. ಮುಚ್ಚಿದ ಕದದ ಹಿಂದೆ ಮಗುವಿನ ಜೊತೆ ಉಳಿಯುವವರು ಪರಿಚಿತರೇ. ಮಗುವನ್ನು ಹತ್ತು ಜನ ನೋಡುತ್ತಿದ್ದರೆ, ಅದು ಸಪ್ಪಗಾದದ್ದು ಅವರಲ್ಲೊಬ್ಬರಿಗಾದರೂ ತಿಳಿಯುತ್ತದೆ.

ನೆರೆಯ ನಂಬಿಕೆ ಸತ್ತ ಜಾಗದಲ್ಲಿ ವದಂತಿ ಬೆಳೆಯುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ವಾಟ್ಸ್‌ಆ್ಯಪ್ ಸಂದೇಶ ನಂಬಿದ ಗುಂಪು ಮಕ್ಕಳ ಕಳ್ಳರೆಂದು ಬಗೆಯಿತು. ಮುರ್ಕಿ ಗ್ರಾಮದ ಬಳಿ ಅವರನ್ನು ಅಡ್ಡಗಟ್ಟಿ ಹೊಡೆಯಲಾಯಿತು. ಹೈದರಾಬಾದಿನ ಎಂಜಿನಿಯರ್ ಒಬ್ಬರು ಪ್ರಾಣ ಬಿಟ್ಟರು. ಓಣಿಯ ಮಕ್ಕಳನ್ನು ದಿನವೂ ಕಾಯಲು ಒಂದಾಗದ ಜನ ಕೊಲ್ಲಲು ಮಾತ್ರ ಒಂದಾಗುತ್ತಾರೆ ಎಂದರೆ ಕಾಯಿಲೆ ಎಲ್ಲಿಗೆ ಮುಟ್ಟಿದೆ ಎಂದು ಯೋಚಿಸಬೇಕು.

ದಾರಿ ಇಲ್ಲದಿಲ್ಲ. 1975ರಲ್ಲಿ ದೇಶದ 33 ಕಡೆ ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲಿತ್ತು. ಪ್ರತಿ ಅಂಗನವಾಡಿಗೂ ಊರಿನ ತಾಯಂದಿರಿರುವ ಬಾಲವಿಕಾಸ ಸಮಿತಿ ಇರಬೇಕು. ಎಷ್ಟೋ ಕಡೆ ಅದು ಸಹಿ ಹಾಕುವ ಪುಸ್ತಕಕ್ಕಷ್ಟೇ ಸೀಮಿತ. ನರೇಗಾ ಕೂಲಿಕಾರರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ತರಬೇತಿ ಪಡೆದ ಅದೇ ಊರಿನ ಹೆಂಗಸರು, ಅದೂ ಕೂಲಿ ಪಡೆದು. ನೆರೆಹೊರೆಯ ಪಾಲನೆಗೆ ಬೆಲೆ ಕಟ್ಟಿದ ಈ ಮಾದರಿ ನಗರದ ವಾರ್ಡುಗಳಿಗೂ ಬರಲಿ. ಐವತ್ತು ಜನ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರಲ್ಲೇ ಕಾನೂನಾಗಿದೆ. ಮನೆಗೆಲಸದವರು, ಬೀದಿ ಬದಿ ವ್ಯಾಪಾರಿಗಳು ಅದರ ಆಚೆಗೇ ಉಳಿದಿದ್ದಾರೆ. ಅಂಗನವಾಡಿಯ ವೇಳೆ ವಿಸ್ತರಿಸುವುದಾದರೆ ಹೊರೆಯನ್ನು ಈಗಿರುವ ಕಾರ್ಯಕರ್ತೆಯರ ತಲೆಗೆ ಕಟ್ಟಬಾರದು. ಹೆಚ್ಚಿನ ಕೈ, ಹೆಚ್ಚಿನ ಸಂಬಳ ಕೊಡಬೇಕು.

ಸುತ್ತೋಲೆ ಹೊರಡಿಸಿ ಪಕ್ಕದ ಮನೆಯವರನ್ನು ಸೃಷ್ಟಿಸಲಾಗದು. ನಿವಾಸಿಗಳ ಸಂಘಗಳು ನಿಷೇಧದ ಫಲಕ ಕಿತ್ತು, ಸಂಜೆ ಮಕ್ಕಳ ಮೇಲೆ ಕಣ್ಣಿಡಲು ಸರದಿ ಹಾಕಿಕೊಳ್ಳಲಿ, ಆ ಸರದಿಯಲ್ಲಿ ಗಂಡಸರೂ ಇರಲಿ. ಮಗುವಿನ ಮೈಮೇಲೆ ಬಾಸುಂಡೆ ಕಂಡರೆ ‘ಅವರ ಮನೆ ವಿಷಯ’ ಎಂದು ಮುಖ ತಿರುಗಿಸದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿ. ಇಷ್ಟೂ ಮಾಡದಿದ್ದರೆ ಮಕ್ಕಳ ಪಾಲನೆ ದುಡ್ಡಿದ್ದವರು ಕೊಳ್ಳುವ ಸರಕಾಗುತ್ತದೆ, ಉಳಿದವರ ಮಕ್ಕಳು ಬೀಗ ಹಾಕಿದ ಕೋಣೆಗಳಲ್ಲಿ ಮೊಬೈಲ್ ಹಿಡಿದು ಬೆಳೆಯುತ್ತಾರೆ. ಅದರ ಫಲವನ್ನು ಇಬ್ಬರ ಮಕ್ಕಳೂ ಒಂದೇ ಊರಿನಲ್ಲಿ ಉಣ್ಣಬೇಕಾಗುತ್ತದೆ.